ಎದ್ದು ಕೇಳದ ಪ್ರಶ್ನೆ

ನಮ್ಮ ಮನೆತನದಲ್ಲಿ ಬಿ.ಎ. ಪಾಸು ಮಾಡಿದವನು ನಾನೇ ಮೊದಲು. ಇದನ್ನು ಈಗಲೇ ಹೇಳಿ ಮುಗಿಸುವುದು ವಾಸಿ, ಇಲ್ಲವಾದರೆ ನಡುವೆ ಎಲ್ಲಾದರೂ ಹೇಳಿಯೇ ಹೇಳುತ್ತೇನೆ. ಅಪ್ಪ ನೇಗಿಲು ಹಿಡಿದವರು, ಅವರಪ್ಪನೂ ಹಾಗೆಯೇ. ನನ್ನನ್ನು ಓದಿಸಿದ್ದು ಅಕ್ಕ. ಆಲ್ಕೊಳದ ಕಡೆಯಿಂದ ಶಿವಮೊಗ್ಗದ ಪೇಟೆಗೆ ಹಾಲು ಹೊತ್ತು ತಂದು ಮಾರಿ ಫೀಸು ಕಟ್ಟಿದವಳು. ಮದುವೆಯಾಗಿ ಹೊರಟ ದಿನವೂ ಅಪ್ಪನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, "ಈ ಎಮ್ಮೆ ಹಾಲು ಅವನ ಓದಿಗೆ. ಮಜ್ಜಿಗೆಗೂ ಮುಟ್ಟಬೇಡಿ" ಎಂದು ಕಟ್ಟುಮಾಡಿಯೇ ಗಾಡಿ ಹತ್ತಿದಳು. ಆಮೇಲೆ ಕೆಲವು ವರ್ಷ ನಮ್ಮ ಮನೆಯಲ್ಲಿ ಸಾರು ಇತ್ತು, ಮಜ್ಜಿಗೆ ಇರಲಿಲ್ಲ.

ಬಿ.ಎ. ಆದ ಮೇಲೆ ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬೇಡವೆಂದು ಬಿಟ್ಟಿದ್ದೇನೆ, ಮರೆತಿಲ್ಲ. ದುರ್ಗಿಗುಡಿಯಲ್ಲಿ ಒಂದು ಕೋಣೆ ಹಿಡಿದೆ. ಬಾಗಿಲಿಗೆ ನನ್ನ ಹೆಸರಿನ ಹಲಗೆ ಹಾಕಿಸಿದೆ. ಹೆಸರಿಗಿಂತ ಬಿ.ಎ. ಸ್ವಲ್ಪ ದೊಡ್ಡದಾಗಿ ಬಂತು. ಬಣ್ಣದವನು ಕೇಳಿದ, "ಚಿಕ್ಕದು ಮಾಡ್ಲಾ ಸ್ವಾಮಿ?" ಇರಲಿ ಬಿಡು ಎಂದೆ.

ಆಗ ಮಹಾರಾಜರ ಕಾಲ. ವರ್ಷಕ್ಕೆ ಎರಡು ಸಲ, ಜೂನಿನಲ್ಲಿ ಅವರ ವರ್ಧಂತಿಯ ಹೊತ್ತಿಗೆ ಒಮ್ಮೆ, ದಸರಾ ಹೊತ್ತಿಗೆ ಒಮ್ಮೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. ತಾಲ್ಲೂಕುಗಳಿಂದ ಆರಿಸಿ ಹೋದ ಸದಸ್ಯರು ಜರಿ ಪೇಟ ಸುತ್ತಿಕೊಂಡು ಕೂತು, ಸರ್ಕಾರ ಮಾಡಿದ್ದನ್ನೂ ಮಾಡದ್ದನ್ನೂ, ಯಾವ ಬಾಬಿಗೆ ಹಣ ಇಟ್ಟಿರಿ, ಯಾವುದಕ್ಕೆ ಇಡಲಿಲ್ಲ ಎಂಬುದನ್ನೂ ದಿವಾನರ ಮುಂದೆ ಕೇಳುತ್ತಿದ್ದರು. ಪ್ರಶ್ನೆಯನ್ನು ಮೊದಲೇ ಬರೆದು ಕಳಿಸಬೇಕು. ಅದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ ಇಳಿದು, ಕೊನೆಗೆ ನಮ್ಮಂಥ ಕಚೇರಿಯ ಮೇಜಿಗೆ ಬರುತ್ತಿತ್ತು. ಉತ್ತರದ ಕರಡು ಬರೆಯುವುದು ನನ್ನ ಕೆಲಸ. ಅದು ಬಂದ ದಾರಿಯಲ್ಲೇ ಮೇಲೆ ಹತ್ತಿ, ಸಭೆಯಲ್ಲಿ ಸರ್ಕಾರದ ಬಾಯಿಂದ ಹೊರಗೆ ಬರುತ್ತಿತ್ತು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ನೀನು ಬರೆದಿದ್ದನ್ನ ಅವರು ಓದ್ತಾರೆ ಅಂದ್ಮೇಲೆ, ಸಂಬಳ ಅವರಿಗ್ಯಾಕೆ ಜಾಸ್ತಿ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಯಾವ ಸದಸ್ಯರೂ ಕಳಿಸಲಿಲ್ಲ.

ಉತ್ತರ ಬರೆಯುವ ವಿದ್ಯೆ ಕಲಿಸಿದವರು ನಮ್ಮ ಶಿರಸ್ತೇದಾರರು. ವೇದ ಶಾಸ್ತ್ರ ಓದಿದ ಮನೆಯವರು, ಬೆಳಗಿನ ಜಪ ಮುಗಿಸಿಯೇ ಕಚೇರಿಗೆ ಬರುವವರು. ಒಂದು ದಿನಕ್ಕೂ ಸುಳ್ಳು ಬರೆದವರಲ್ಲ. ನಾನು ಮೊದಲ ಸಲ ಎರಡು ಪುಟ ಉತ್ತರ ಬರೆದುಕೊಟ್ಟಾಗ ಅದನ್ನು ಪೂರ್ತಿ ಓದಿ, ಮೆಚ್ಚಿ, ಎಲ್ಲವನ್ನೂ ಹೊಡೆದುಹಾಕಿ 'ಇಲ್ಲ' ಎಂಬ ಒಂದು ಪದ ಉಳಿಸಿದರು.

"ಬಹಳ ಚೆನ್ನಾಗಿತ್ತು ಕಣಯ್ಯಾ. ಅದಕ್ಕೇ ತೆಗೆದೆ. ನೀನು ಒಂದು ಪದ ಜಾಸ್ತಿ ಬರೆದರೆ ಆ ಸದಸ್ಯ ಅದನ್ನ ಹಿಡಿದುಕೊಂಡು ಇನ್ನೊಂದು ಪ್ರಶ್ನೆ ಕೇಳ್ತಾನೆ."

ಎರಡನೆಯ ಪಾಠ ಇನ್ನೂ ದೊಡ್ಡದು. "ಪ್ರಶ್ನೆ ಬಂದ ಕೂಡಲೇ ಪೆನ್ನು ತೆಗೀಬೇಡ. ಮೊದಲು ಸಂಗತಿ ಸರಿಮಾಡು. ಆಮೇಲೆ ಬರಿ. ಆಗ ಉತ್ತರ ತಾನಾಗೇ ನಿಜವಾಗಿರುತ್ತೆ."

ಅಂದರೆ ಹೀಗೆ. ಇಂಥ ಊರಿನ ಶಾಲೆಯಲ್ಲಿ ಬೆಂಚುಗಳಿಲ್ಲವೆಂಬುದು ನಿಜವೇ ಎಂದು ಪ್ರಶ್ನೆ ಬರುತ್ತಿತ್ತು. ಪಕ್ಕದ ಊರಿನ ಶಾಲೆಯ ಬೆಂಚುಗಳನ್ನು ಗಾಡಿಗೆ ಏರಿಸಿ ಆ ಶಾಲೆಗೆ ಕಳಿಸುತ್ತಿದ್ದೆವು. ಕಳಿಸಿದ ಮೇಲೆ 'ನಿಜವಲ್ಲ' ಎಂದು ಬರೆಯುತ್ತಿದ್ದೆವು. ಸಭೆ ಮುಗಿಯಿತೋ, ಬೆಂಚುಗಳು ತಮ್ಮ ಊರಿಗೆ ವಾಪಸು. ಗಾಡಿಯ ಮೇಲೆ ಕಾಲು ಮೇಲೆ ಮಾಡಿಕೊಂಡು ಬೆಂಚುಗಳು ಹೋಗುವುದು ಕಂಡರೆ ಪೇಟೆಯ ಜನ, "ಮೈಸೂರಲ್ಲಿ ಸಭೆ ಹತ್ತಿರ ಬಂತು" ಎನ್ನುತ್ತಿದ್ದರು. ನಮ್ಮ ಉತ್ತರಗಳಲ್ಲಿ ಒಂದನ್ನೂ ತಪ್ಪು ಎಂದು ಯಾರಿಗೂ ತೋರಿಸಲಾಗಲಿಲ್ಲ.

ಅಕ್ಕನನ್ನು ಕೊಟ್ಟಿದ್ದ ಊರು ಸೋಗಾನೆ ದಾಟಿ ಇನ್ನೂ ಒಳಗೆ. ಅಲ್ಲಿಗೆ ಹೋಗುವುದನ್ನು ರಸ್ತೆ ಎಂದು ಕರೆಯುತ್ತಿದ್ದದ್ದು ಸರ್ಕಾರಿ ಕಾಗದಗಳಲ್ಲಿ ಮಾತ್ರ. ಊರಿನಲ್ಲಿ ಒಂದು ಸಣ್ಣ ಆಸ್ಪತ್ರೆ ಇತ್ತು. ಅದಕ್ಕೊಂದು ಮಿಡ್‌ವೈಫ್ ಹುದ್ದೆ ಮಂಜೂರಾಗಿತ್ತು. ಹುದ್ದೆ ಇತ್ತು, ಹೆಂಗಸು ಇರಲಿಲ್ಲ. ಅಕ್ಕನ ಮೊದಲ ಹೆರಿಗೆಗೆ ನೋವು ಬಂದು ಶಿವಮೊಗ್ಗಕ್ಕೆ ಕರೆತರುವಾಗ ದಾರಿಯಲ್ಲಿ ಗಾಡಿಯಲ್ಲೇ ಆ ಮಗು ಹೋಯಿತು. ಎರಡನೆಯದಕ್ಕೆ ಅವಳು ಗಾಡಿ ಹತ್ತಲಿಲ್ಲ. ಮನೆಯಲ್ಲೇ ಹೆತ್ತಳು, ಅದೂ ಉಳಿಯಲಿಲ್ಲ. ಮೂರನೆಯ ಸಲ ಬಸುರಿಯಾದಾಗ ನಾನು, "ಈಗಲೇ ಬಂದು ನನ್ನ ಕೋಣೇಲಿ ಇರು ಅಕ್ಕ, ಆಸ್ಪತ್ರೆ ಹತ್ತಿರ" ಎಂದೆ.

"ಗಾಡಿ ಹತ್ತೋ ಮಾತು ಬೇಡ. ಬೇರೆ ಏನಾದ್ರೂ ಹೇಳು. ಬಿ.ಎ. ಓದಿಲ್ವಾ?" ಎಂದಳು.

ಬೇರೆ ಹೇಳಲು ನನಗೆ ತಿಳಿದಿದ್ದು ಒಂದೇ. ಅದೇ ಮನೆಯ ಹಿರಿಯರಾದ ಅವಳ ಗಂಡನ ದೊಡ್ಡಪ್ಪ ನಮ್ಮ ತಾಲ್ಲೂಕಿನ ಕಡೆಯಿಂದ ಸಭೆಗೆ ಆರಿಸಿ ಹೋದ ಸದಸ್ಯರು. ಊರೆಲ್ಲ ಅವರನ್ನು ಮೆಂಬರ್ ಗೌಡರು ಎನ್ನುತ್ತಿತ್ತು. ಒಳ್ಳೆಯ ಗದ್ದೆ, ಒಳ್ಳೆಯ ಎತ್ತು, ಒಳ್ಳೆಯ ಗಂಟಲು. ಕನ್ನಡ ಓದು ಬರಹ ಬಲ್ಲವರು, ಇಂಗ್ಲಿಷ್ ಇಲ್ಲ. ನಾನು ಮನೆಯಲ್ಲಿ ಅವರನ್ನು ಮಾವ ಎಂದೂ ಕಚೇರಿಯ ಹತ್ತಿರ ಕಂಡರೆ ಗೌಡರೇ ಎಂದೂ ಕರೆಯುತ್ತಿದ್ದೆ. ಒಂದು ಭಾನುವಾರ ಅವರ ಜಗಲಿಯ ಮೇಲೆ ಕೂತು ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದುಕೊಟ್ಟೆ. ಇಂಥ ಊರಿನ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಇಲ್ಲವೆಂಬುದು ನಿಜವೇ? ನಿಜವಾದಲ್ಲಿ, ಆ ಹುದ್ದೆಗೆಂದು ಆಯವ್ಯಯದಲ್ಲಿ ತೆಗೆದಿಟ್ಟ ಹಣ ಏನಾಯಿತು? ಗೌಡರು ಅಚ್ಚುಕಟ್ಟಾಗಿ ಸಹಿ ಮಾಡಿದರು.

ಕೆಲವು ವಾರ ಕಳೆದು ಆ ಪ್ರಶ್ನೆ ಬೆಂಗಳೂರು ಸುತ್ತಿ ಬಂದು ನನ್ನದೇ ಮೇಜಿಗೆ ಬಿತ್ತು. ಶಿರಸ್ತೇದಾರರು ಕನ್ನಡಕ ಏರಿಸಿ ಓದಿದರು.

"ಗೌಡರ ಇಂಗ್ಲಿಷ್ ಚೆನ್ನಾಗಿದೆ."

"ಹೌದು ಸ್ವಾಮಿ."

"ಉತ್ತರ ಯಾರು ಬರೀತೀರಿ?"

"ನಾನೇ ಸ್ವಾಮಿ."

"ಅದನ್ನೂ ಅಷ್ಟೇ ಚೆನ್ನಾಗಿ ಬರೀಬೇಡ" ಎಂದು ಹೇಳಿ, ಮೊದಲು ಸಂಗತಿ ಸರಿಮಾಡಲು ಹೊರಟರು.

ಭದ್ರಾವತಿಯ ಹೊಸ ಊರಿನ ಕಡೆ ಇದ್ದ ಒಂದು ಆಸ್ಪತ್ರೆಯಿಂದ ನರ್ಸಮ್ಮ ಒಬ್ಬರನ್ನು ತಾತ್ಕಾಲಿಕವಾಗಿ ಕಳಿಸಲು ಏರ್ಪಾಡಾಯಿತು. ತಮಿಳು ಮನೆಮಾತಿನ ಹೆಂಗಸು. ಗಂಡ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಹತ್ತಿರ ಕೆಲಸಕ್ಕಿದ್ದ. ಆಕೆ ಒಂದು ತಗಡಿನ ಟ್ರಂಕು, ಒಂದು ಕೋಳಿ ತೆಗೆದುಕೊಂಡು ಗಾಡಿಯಿಂದ ಇಳಿದಾಗ ನಾನೂ ಅಲ್ಲಿದ್ದೆ.

"ಇಲ್ಲಿ ಎಷ್ಟು ದಿನ ಸಾಮಿ?" ಎಂದು ನನ್ನನ್ನು ಕೇಳಿದರು.

"ಹುದ್ದೆ ಇಲ್ಲೀದೇ ಅಲ್ವಾ ಅಮ್ಮ?"

"ಐಯೋ, ಹುದ್ದೆ ಎಲ್ಲಾ ಕಡೆ ಇದೆ ಸಾಮಿ, ನಾನು ಒಬ್ಬಳೇ ಇರೋದು. ಹೋದ ದಸರಾಕ್ಕೆ ಇನ್ನೊಂದು ಊರಲ್ಲಿ ಇದ್ದೆ. ಯಾವ ಊರಿಂದ ಕ್ವೆಶ್ಚನ್ ಹೋಗ್ತದೋ ಆ ಊರಿಗೆ ನಾನು. ನಮ್ಮ ಮನೆಯವರು ಕುಲುಮೆ ಮುಂದೆ ಬೇಯ್ತಾರೆ, ನಾನು ಗಾಡಿ ಮೇಲೆ ಬೇಯ್ತೀನಿ." ಕೋಳಿಯನ್ನು ಕೆಳಗಿಟ್ಟರು. ಅದು ಅಭ್ಯಾಸವಿದ್ದಂತೆ ಸೀದಾ ಆಸ್ಪತ್ರೆಯ ಹಿಂದಕ್ಕೆ ಹೋಯಿತು.

ಗೌಡರು ಜೂನಿನ ಸಭೆಗೆ ಹೋದರು. ಅಲ್ಲಿ ಅವರು ಮಾಡಿದ್ದು ನಮ್ಮ ಕಡೆಯವರು ಮಾತ್ರ ಮಾಡುವಂಥದ್ದು. ನಮ್ಮಲ್ಲಿ ಕೇಳಿದ್ದು ಬಾಗಿಲಿಗೆ ಬಂದು ನಿಂತ ಮೇಲೆ ಮತ್ತೆ ಅದರ ಮಾತೆತ್ತುವುದು ಮರ್ಯಾದೆ ಅಲ್ಲ. ಎತ್ತು ಕೇಳಿದ್ದೆ, ಎತ್ತು ಬಂತು, ಕೊಟ್ಟವನನ್ನು ನಿಲ್ಲಿಸಿಕೊಂಡು ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದು ಯಾರಾದರೂ ಕೇಳುತ್ತಾರೆಯೇ? ತಮ್ಮ ಸರದಿ ಬಂದಾಗ ಗೌಡರು ಎದ್ದು ನಿಂತು, ನರ್ಸಮ್ಮ ಬಂದಿದ್ದಾರೆ, ಕೆಲಸ ಮಾಡಿಕೊಟ್ಟವರನ್ನು ಪ್ರಶ್ನೆ ಕೇಳುವುದು ಸರಿಯಲ್ಲ, ಪ್ರಶ್ನೆ ವಾಪಸು ತಗೋತೀನಿ, ಸರ್ಕಾರಕ್ಕೆ ನಮಸ್ಕಾರ ಎಂದು ಹೇಳಿ ಕೂತರು. ಎಲ್ಲರೂ ಮೇಜು ತಟ್ಟಿದರಂತೆ. ಶಿವಮೊಗ್ಗ ಸ್ಟೇಷನ್ನಿನಲ್ಲಿ ಅವರಿಗೆ ಹಾರ ಹಾಕಿದರು. ನಾನೂ ಹಾಕಿದೆ.

ಮುಂದಿನ ವಾರವೇ ನರ್ಸಮ್ಮನಿಗೆ ಭದ್ರಾವತಿಗೆ ವಾಪಸು ಹುಕುಂ ಬಂತು.

ನಾನು ಶಿರಸ್ತೇದಾರರ ಹತ್ತಿರ ಓಡಿದೆ. ಅವರು ಬೇಸರಪಟ್ಟುಕೊಂಡೇ ಹೇಳಿದರು. "ನಾನೇನು ಮಾಡ್ಲಿ ಹೇಳು. ಆತ ಪ್ರಶ್ನೆ ವಾಪಸು ತಗೊಂಡ. ಪ್ರಶ್ನೆ ಇಲ್ಲ ಅಂದ್ಮೇಲೆ ಉತ್ತರ ಇಲ್ಲ. ಉತ್ತರ ಇಲ್ಲ ಅಂದ್ಮೇಲೆ ಆಕೆ ಅಲ್ಲಿ ಯಾಕಿರ್ಬೇಕು? ಭದ್ರಾವತಿಯೋರೂ ಬಸುರಾಗ್ತಾರಲ್ಲಯ್ಯ."

ಗೌಡರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. ಆಸ್ಪತ್ರೆಯವರೆಗೆ ನಡೆದು ಹೋಗಿ, ಬೀಗ ನೋಡಿ, ಒಮ್ಮೆ ಎಳೆದೂ ನೋಡಿ ಬಂದು ಜಗಲಿಯ ಮೇಲೆ ಕೂತರು.

"ನಮಸ್ಕಾರ ಹೇಳಿದ್ನಲ್ಲೋ ಮಾರಾಯ" ಎಂದರು.

"ಅದೇ ತಪ್ಪಾಗಿದ್ದು ಮಾವ."

"ನಮಸ್ಕಾರ ಹೇಳೋದು ತಪ್ಪು ಅಂತ ಯಾವ ಕಾಲೇಜಲ್ಲಿ ಹೇಳಿಕೊಟ್ರು ನಿಂಗೆ?"

ದಸರಾ ಸಭೆಗೆ ಮತ್ತೊಂದು ಪ್ರಶ್ನೆ ಬರೆದೆವು. ಈ ಸಲ ಗೌಡರ ಮರ್ಯಾದೆಗೆ ಪೆಟ್ಟು ಬಿದ್ದಿತ್ತು. ಜೂನಿನಲ್ಲಿ ಬಂದ ಮಿಡ್‌ವೈಫನ್ನು ಯಾರ ಅಪ್ಪಣೆಯ ಮೇಲೆ ಹಿಂದಕ್ಕೆ ಕರೆಸಿದಿರಿ ಎಂದು ಬರೆಸಿದರು. ಅದರ ಜೊತೆಗೆ ಎದ್ದು ನಿಂತು ಕೇಳಲು ಒಂದು ಭಾಷಣವನ್ನೂ ಬರೆಸಿಕೊಂಡು ಬಾಯಿಪಾಠ ಮಾಡಿದರು. ಗದ್ದೆಯ ಬದುವಿನ ಮೇಲೆ ನಿಂತು ಹೇಳುತ್ತಿದ್ದರಂತೆ. ಉಳುತ್ತಿದ್ದ ಆಳುಗಳು ಕೆಲಸ ನಿಲ್ಲಿಸಿ ಕೇಳುವುದನ್ನು ಕಂಡು ಅವರಿಗೆ ಧೈರ್ಯ ಬಂತು. ಕೆಲಸ ನಿಲ್ಲಿಸಲು ಆಳುಗಳಿಗೆ ಬೇರೆ ಕಾರಣವೂ ಇದ್ದಿರಬಹುದು.

ಪ್ರಶ್ನೆ ನನ್ನ ಮೇಜಿಗೆ ಬಂತು. ಸಂಗತಿ ಸರಿಮಾಡಲಾಯಿತು. ನರ್ಸಮ್ಮ ಟ್ರಂಕು, ಕೋಳಿ ಸಮೇತ ಮತ್ತೆ ಬಂದರು. ಅವರು ಅಕ್ಕನ ಹೊಟ್ಟೆ ಮುಟ್ಟಿ ನೋಡಿ, ಹೊರಗೆ ಬಂದು, ನನ್ನನ್ನು ಮನೆಯ ಹಿಂದಕ್ಕೆ ಕರೆದರು. ಆ ಹೊತ್ತು ಅವರ ಬಾಯಲ್ಲಿ ತಮಾಷೆ ಇರಲಿಲ್ಲ.

"ಮಗು ಅಡ್ಡ ಮಲಗಿದೆ ಸಾಮಿ. ತಿರುಗಿಸಬಹುದು. ಆದರೆ ನೋವು ಬರೋ ಹೊತ್ತಿಗೆ ನಾನು ಇರಬೇಕು. ಮನೆಯೋರು ಯಾರೂ ಕೈ ಹಾಕಬಾರದು. ಹೋದ ಸಲ ಹಾಗೇ ಆಗಿದೆ."

"ಯಾವಾಗ ಆಗ್ಬಹುದು?"

"ದೀಪಾವಳಿ ಆಸುಪಾಸು."

ಸಭೆ ನವರಾತ್ರಿ ಕಳೆದ ಕೂಡಲೇ. ಗೌಡರು ಎದ್ದು ಕೇಳುತ್ತಾರೆ, ಸರ್ಕಾರ 'ಮಿಡ್‌ವೈಫ್ ಇದ್ದಾರೆ' ಎನ್ನುತ್ತದೆ, ವಾರದೊಳಗೆ ನರ್ಸಮ್ಮ ಭದ್ರಾವತಿಯಲ್ಲಿರುತ್ತಾರೆ. ದೀಪಾವಳಿಗೆ ಆಸ್ಪತ್ರೆಗೆ ಬೀಗ.

ಮಾರನೆಯ ದಿನ ಕಚೇರಿಯಲ್ಲಿ, ಬೇರೆ ಏನೋ ಕಾಗದ ಹುಡುಕುವವನಂತೆ ನಿಂತು, ಶಿರಸ್ತೇದಾರರನ್ನು ಕೇಳಿದೆ. "ಸ್ವಾಮಿ, ಸದಸ್ಯರು ಪ್ರಶ್ನೆ ಕಳಿಸಿ, ಸಭೆಯಲ್ಲಿ ಎದ್ದು ಕೇಳಲೇ ಇಲ್ಲ ಅಂದ್ರೆ?"

"ವಾಪಸು ತಗೊಂಡರೆ ಮುಗೀತು. ವಾಪಸು ತಗೊಳ್ಳದೆ, ಸುಮ್ಮನೆ ಏಳದೇ ಕೂತರೆ ಮುಂದಿನ ಅಧಿವೇಶನಕ್ಕೆ ಹೋಗುತ್ತೆ. ರೂಢಿ ಹಾಗಿದೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಉತ್ತರ ನಿಜವಾಗೇ ಇರಬೇಕಲ್ಲಯ್ಯ. ಯಾವ ಹೊತ್ತಿಗೆ ಕೇಳ್ತಾರೋ ಯಾರಿಗೆ ಗೊತ್ತು." ಕನ್ನಡಕದ ಮೇಲಿಂದ ನೋಡಿದರು. "ಯಾಕೆ ಕೇಳಿದೆ?"

"ತಿಳ್ಕೊಳ್ಳೋಣ ಅಂತ."

"ತಿಳ್ಕೋ" ಎಂದು ತಮ್ಮ ಕೆಲಸಕ್ಕೆ ಬಗ್ಗಿದರು.

ಗೌಡರನ್ನು ಒಪ್ಪಿಸುವುದು ಇಷ್ಟು ಸುಲಭವಾಗಲಿಲ್ಲ. ಅವರು ಆಗಲೇ ಜರಿ ಪೇಟವನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಇಟ್ಟಿದ್ದರು.

"ಏಳಬಾರದು ಅಂದ್ರೆ? ಮತ್ತೆ ನಾನು ಮೈಸೂರಿಗೆ ಯಾಕೆ ಹೋಗ್ಲಿ?"

"ಕೂರೋಕೆ ಮಾವ."

"ಕೂರೋಕೆ ಇಲ್ಲೇ ಜಗಲಿ ಇದೆ. ಹೋಗದೇ ಇದ್ರೆ ಆಗಲ್ವಾ?"

"ನೀವು ಹೋಗದಿದ್ರೆ ನಿಮ್ಮ ಪರವಾಗಿ ಬೇರೆಯವರು ಕೇಳಿಬಿಡ್ತಾರೆ. ನಿಮ್ಮ ಪಕ್ಕ ಕೂರೋ ವಕೀಲರಿಗೆ ಅಂಥ ಉತ್ಸಾಹ ಇದೆ. ನೀವು ಇರಬೇಕು, ಏಳಬಾರದು."

"ಯಾಕೆ ಏಳಲಿಲ್ಲ ಅಂತ ಕೇಳಿದ್ರೆ?"

ಕಾರಣ ಹೇಳಿದರೆ ಗುಟ್ಟು ಹೊರಗೆ ಬೀಳುತ್ತದೆ. ಹೇಳದಿದ್ದರೆ ಮೂರ್ಖರಾಗುತ್ತಾರೆ. ಗೌಡರು ಭಾಷಣ ಬರೆದ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಒಳಗಿನಿಂದ ಅಕ್ಕ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು. ಬೇಡಿಕೊಳ್ಳಲಿಲ್ಲ. "ದೊಡ್ಡ ಮಾವ, ಊಟಕ್ಕೆ ಏಳಿ" ಎಂದಳು ಅಷ್ಟೆ.

ಗೌಡರು ಅವಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿದ್ದೆ ಬಂದ್ರೆ ಯಾರೂ ಕಾರಣ ಕೇಳಲ್ಲ, ಅಲ್ವೇನೋ?" ಎಂದರು.

ಆ ಸಲ ಕಚೇರಿಯ ಕಾಗದಗಳನ್ನು ಹಿಡಿದು ಮೈಸೂರಿಗೆ ಹೋಗುವ ಕೆಲಸ ನನಗೇ ಬಿತ್ತು. ಬೀರೂರು, ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿಕೊಂಡು ಹೋದೆ. ಸಭೆಯಲ್ಲಿ ಅಧಿಕಾರಿಗಳ ಹಿಂದೆ, ಗೋಡೆಯ ಪಕ್ಕ, ಕಾಗದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಾನು ಬರೆದ ಪ್ರಶ್ನೆ, ನಾನು ಬರೆದ ಉತ್ತರ ಎರಡೂ ಅಲ್ಲಿದ್ದವು. ಇವೆರಡೂ ಭೇಟಿಯಾಗದಿರಲಿ ಎಂದು ಪ್ರಾರ್ಥಿಸಿದ ಬಿ.ಎ. ಆ ಸಭಾಂಗಣದಲ್ಲಿ ನಾನೊಬ್ಬನೇ ಇರಬೇಕು.

ಪೇಟಗಳ ಸಾಲು ಸಾಲು. ಒಬ್ಬರು ಕಾಡುಹಂದಿಗಳ ಬಗ್ಗೆ ಕೇಳಿದರು. ಸರ್ಕಾರ ಪರಿಶೀಲಿಸುತ್ತಿದೆ ಎಂದಿತು. ಇನ್ನೊಬ್ಬರು ಒಂದು ಸೇತುವೆಯ ಖರ್ಚು ಅಂದಾಜಿಗಿಂತ ಯಾಕೆ ಏರಿತು ಎಂದು ಕೇಳಿದರು. ನದಿ ಅಂದಾಜಿಗಿಂತ ಅಗಲವಾಗಿತ್ತು ಎಂದಿತು. ಗೌಡರ ಸರದಿ ಹತ್ತಿರ ಬರುತ್ತಿದ್ದಂತೆ ಅವರ ಗಲ್ಲ ಮೆಲ್ಲಗೆ ಎದೆಗೆ ಇಳಿಯಿತು. ಕೈಗಳು ಉತ್ತರೀಯದೊಳಗೆ ಹೋದವು. ಕಣ್ಣು ಮುಚ್ಚಿದವು.

"ಶಿವಮೊಗ್ಗ ತಾಲ್ಲೂಕಿನ ಸದಸ್ಯರು" ಎಂದು ಕೂಗಿದರು.

ಗೌಡರು ಅಲುಗಲಿಲ್ಲ. ಮತ್ತೊಮ್ಮೆ ಕೂಗಿದರು. ಪಕ್ಕದ ವಕೀಲರು ಮೊಣಕೈಯಿಂದ ತಿವಿದರು. ಜನ ತಿರುಗಿ ನೋಡಿದರು. ನನಗೆ ಕಾಣುತ್ತಿದ್ದದ್ದು ಅವರ ಪಾದಗಳು. ಬಲಗಾಲಿನ ಹಿಮ್ಮಡಿ ಎರಡು ಸಲ ಎದ್ದಿತು, ಎರಡು ಸಲವೂ ಎಡಗಾಲು ಅದನ್ನು ಒತ್ತಿ ಹಿಡಿಯಿತು. ವಕೀಲರು ಇನ್ನೊಮ್ಮೆ ಜೋರಾಗಿ ತಿವಿದಾಗ ಗೌಡರು ಗೊರಕೆ ಹೊಡೆದರು. ಒಳ್ಳೆಯ ಗಂಟಲು ಎಂದು ಹೇಳಿದೆನಲ್ಲ, ಗೊರಕೆ ಕೊನೆಯ ಸಾಲಿನವರೆಗೂ ಮುಟ್ಟಿತು. ಸಭೆಯೆಲ್ಲ ನಕ್ಕಿತು. ಅಧ್ಯಕ್ಷ ಪೀಠದವರೂ ನಕ್ಕು, ಮುಂದಿನ ಪ್ರಶ್ನೆ ತೆಗೆದುಕೊಳ್ಳಿ ಎಂದರು.

ವಾಪಸು ಬರುವಾಗ ಗೌಡರು ಅರಸೀಕೆರೆಯಲ್ಲಿ ರೈಲು ಬದಲಾಯಿಸಿ, ಕಿಟಕಿಯ ಪಕ್ಕ ಕೂತರು. ಆಮೇಲೆ, "ಭಾಷಣ ಪೂರ್ತಿ ಬಾಯಲ್ಲಿತ್ತು. ಒಂದು ಅಕ್ಷರ ಮರೆತಿರಲಿಲ್ಲ" ಎಂದರು. ಹೇಳಿ ನೋಡೋಣ ಮಾವ ಎಂದೆ. ಡಬ್ಬಿಯಲ್ಲಿ ನಾನು, ಒಬ್ಬ ತೆಂಗಿನಕಾಯಿ ವ್ಯಾಪಾರಿ, ಅವನ ಹೆಂಡತಿ ಇದ್ದೆವು. ಗೌಡರು ಎದ್ದು ನಿಂತು, ಮೇಲಿನ ಹಲಗೆ ಹಿಡಿದುಕೊಂಡು, ಪೂರ್ತಿ ಹೇಳಿದರು. ಬಹಳ ಚೆನ್ನಾಗಿ ಹೇಳಿದರು. ವ್ಯಾಪಾರಿ ಕೊನೆಗೆ, "ಎಲ್ಲಾ ಸರಿ ಸ್ವಾಮಿ, ನರ್ಸಮ್ಮನ್ನ ನಾನು ಎಲ್ಲಿಂದ ತರ್ಲಿ?" ಎಂದು ಕೈಮುಗಿದ.

ಶಿವಮೊಗ್ಗದ ವಾರಪತ್ರಿಕೆಯೊಂದರಲ್ಲಿ ನಮ್ಮ ಸದಸ್ಯರು ಸಭೆಯಲ್ಲಿ ವಿಶ್ರಾಂತಿ ಪಡೆದರೆಂದು ಬಂತು. ಆಮೇಲೆ ಅವರಿಗೆ ಮೆಂಬರ್ ಗೌಡರು ಎಂಬ ಹೆಸರು ಹೋಗಿ ನಿದ್ದೆ ಗೌಡರು ಎಂದಾಯಿತು. ಅಡಿಕೆ ಮಂಡಿಯ ಮುಂದೆ ನಡೆದರೆ ಹುಡುಗರು ಗೊರಕೆ ಹೊಡೆಯುತ್ತಿದ್ದರು. ಮಂಡಿಯ ಸಾಹುಕಾರರೇ ದಿಂಬು ತಂದು ಎದುರಿಗೆ ಇಟ್ಟು, "ಆರಾಮ್ ಮಾಡಿ ಗೌಡ್ರೇ" ಎನ್ನುತ್ತಿದ್ದರು. ಗೌಡರು ದಿಂಬಿಗೆ ಒರಗಿ ಕೂತು ಅಡಿಕೆ ಧಾರಣೆ ಕೇಳುತ್ತಿದ್ದರು. ಒಂದು ಮಾತು ಬಿಟ್ಟುಕೊಡಲಿಲ್ಲ.

ಬಲಿಪಾಡ್ಯಮಿಯ ಬೆಳಿಗ್ಗೆ ಅಕ್ಕನಿಗೆ ನೋವು ಬಂತು. ಹಬ್ಬಕ್ಕೆ ನಾನೂ ಅಲ್ಲಿದ್ದೆ. ಗಂಡಸರೆಲ್ಲ ದನಗಳ ಮೈ ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು. ಭಾವ ಒಂದು ಎತ್ತಿನ ಕೊಂಬಿಗೆ ಕೆಮ್ಮಣ್ಣು ಬಳಿದು, ಒರೆಸಿ, ಮತ್ತೆ ಬಳಿದ. ನರ್ಸಮ್ಮ ಬಾಗಿಲು ಹಾಕಿಕೊಂಡು ಒಳಗಿದ್ದರು. ಒಳಗಿನಿಂದ ಬಿಸಿನೀರು ಕೇಳಿದರು, ಆಮೇಲೆ ಬಟ್ಟೆ ಕೇಳಿದರು, 'ಉಸಿರು ಬಿಡಮ್ಮಾ' ಎನ್ನುವುದು ಕೇಳಿಸುತ್ತಿತ್ತು. ಅಕ್ಕನ ದನಿ ಮಾತ್ರ ಒಮ್ಮೆಯೂ ಕೇಳಲಿಲ್ಲ. ಗೌಡರು ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ನಿಜವಾಗಿ ನಿದ್ದೆಯೇ ಎಂದು ನಾನು ಹತ್ತಿರ ಹೋದೆ. ತುಟಿ ಅಲುಗುತ್ತಿತ್ತು.

ಬಿಸಿಲು ಅಂಗಳದ ನಡುವಿಗೆ ಬಂದ ಮೇಲೆ ಬಾಗಿಲು ತೆರೆಯಿತು. ನರ್ಸಮ್ಮ ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹೆಣ್ಣು. ತಾಯಿ ಚೆನ್ನಾಗಿದ್ದಾಳೆ. ಕೂಗ್ತಾ ಇದೆ, ಕೇಳಿಸ್ತಾ?" ಎಂದರು.

"ಕೇಳಿಸ್ತು" ಎಂದರು ಗೌಡರು. "ಮೈಸೂರಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ನಾನು ಕೇಳಿಲ್ಲ." ಹಾಗೆಂದು ಎದ್ದು ಎತ್ತುಗಳ ಮರೆಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಮುಂದಿನ ಜೂನಿಗೆ ಪ್ರಶ್ನೆ ಕೇಳಿ ಮುಗಿಸಿಬಿಡಬೇಕು, ಹೋದ ಮಾನ ವಾಪಸು ತರಬೇಕು ಎಂದು ಗೌಡರ ಮನಸ್ಸಿನಲ್ಲಿತ್ತು. ಪೇಟ ಬಿಸಿಲಿಗೆ ಬಂತು. ಆ ವಾರವೇ ಊರಿನ ಕೆಲವು ಹೆಂಗಸರು ಜಗಲಿಯ ಮುಂದೆ ಬಂದು ನಿಂತರು. ಇಬ್ಬರಿಗೆ ಆಗಲೇ ತಿಂಗಳು ತುಂಬುತ್ತಿತ್ತು.

"ಈ ಸಲಾನೂ ಒಂದು ಸ್ವಲ್ಪ ಮಲಗಿಬಿಡಿ ಗೌಡ್ರೇ" ಎಂದಳು ಅವರಲ್ಲಿ ಒಬ್ಬಳು.

"ಏನೇ, ನಂಗೇನು ನಿದ್ದೆ ರೋಗ ಅಂದ್ಕೊಂಡ್ಯಾ?"

"ಇಲ್ಲ ಗೌಡ್ರೇ. ನಿಮ್ಮಷ್ಟು ಚೆನ್ನಾಗಿ ಬೇರೆಯೋರಿಗೆ ಬರಲ್ಲ ಅಂತ."

ಅವರು ಮಲಗಿದರು. ಅದರ ಮುಂದಿನ ದಸರೆಗೂ ಮಲಗಿದರು. ಊರಿನಲ್ಲಿ ಬಸುರಿ ಇಲ್ಲದ ಅಧಿವೇಶನ ಒಂದೂ ಬರಲಿಲ್ಲ. ಆಮೇಲಾಮೇಲೆ ಸಭೆಯಲ್ಲಿ ಅವರ ಸರದಿ ಬಂದಾಗ ಯಾರೂ ನಗುತ್ತಲೂ ಇರಲಿಲ್ಲವಂತೆ. ಹೆಸರು ಕೂಗಿ, ಅವರ ಕಡೆ ನೋಡದೆಯೇ ಮುಂದಕ್ಕೆ ಹೋಗುತ್ತಿದ್ದರಂತೆ.

ಅವರ ಅವಧಿ ಮುಗಿದು ಚುನಾವಣೆ ಬಂತು. ಭದ್ರಾವತಿಯ ಒಬ್ಬ ಕಂಟ್ರಾಕ್ಟರು ಎದುರಿಗೆ ನಿಂತು, "ನಾನು ಎಚ್ಚರವಾಗಿರ್ತೀನಿ" ಎಂದು ಊರೂರಲ್ಲಿ ಹೇಳಿದರು. ಗೌಡರು ನಿಜ ಹೇಳಬಹುದಿತ್ತು. ನಾನೂ ಹೇಳಿ ಎಂದೆ. "ಹೇಳಿದ್ರೆ ನಿನ್ನ ಕಚೇರಿ ಕಿವಿಗೆ ಬೀಳುತ್ತೆ. ಬಿದ್ರೆ ಆಯಮ್ಮ ಗಾಡಿ ಹತ್ತಬೇಕು" ಎಂದು ಸುಮ್ಮನಾದರು. ದೊಡ್ಡ ಅಂತರದಲ್ಲಿ ಸೋತರು.

ಅವರು ಸೋತರೆ ಪ್ರಶ್ನೆಯೂ ಬಿದ್ದುಹೋಗುತ್ತದೆ, ನರ್ಸಮ್ಮನೂ ಹೋಗುತ್ತಾರೆ ಎಂದು ನಾನು ಹೆದರಿದ್ದೆ. ಹೋಗಲಿಲ್ಲ. ಅಷ್ಟು ದಿನ ಒಂದೇ ಕಡೆ ಇದ್ದವರನ್ನು ತಾತ್ಕಾಲಿಕ ಎಂದು ಕರೆಯಲು ಶಿರಸ್ತೇದಾರರ ಮನಸ್ಸು ಒಪ್ಪಲಿಲ್ಲ. ಅದು ನಿಜವಲ್ಲವಲ್ಲ. ಭದ್ರಾವತಿಗೂ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ನಿವೃತ್ತರಾಗುವ ಮುಂಚೆ ಶಿರಸ್ತೇದಾರರು ನರ್ಸಮ್ಮನ ಹೆಸರಿನ ಮುಂದಿದ್ದ ಆ ಪದವನ್ನು ಹೊಡೆದುಹಾಕಿ, ಮೇಲಿನವರ ಸಹಿ ಮಾಡಿಸಿದರು. ನನ್ನ ಕಡೆ ನೋಡಲಿಲ್ಲ.

ಸುದ್ದಿ ಹೇಳಲು ಆ ಭಾನುವಾರ ಊರಿಗೆ ಹೋದೆ. ನರ್ಸಮ್ಮನ ಗಂಡನೂ ಕುಲುಮೆ ಬಿಟ್ಟು ಬಂದು ಅಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ ಇಡುವ ಮಾತಾಡುತ್ತಿದ್ದ. ಗೌಡರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಅಕ್ಕನ ಮಗಳು ಅವರ ಪೇಟವನ್ನು ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಿದ್ದಳು. ಅವರು ತಡೆಯಲಿಲ್ಲ. ಅಕ್ಕ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಹೆಸರಿನಲ್ಲಿ ಜಮೀನಿರಲಿಲ್ಲ, ಆದ್ದರಿಂದ ಓಟೂ ಇರಲಿಲ್ಲ.

"ಏನಮ್ಮ," ಎಂದರು ಗೌಡರು, "ನಿಂಗೆ ಓಟು ಇದ್ದಿದ್ರೆ ಯಾರಿಗೆ ಹಾಕ್ತಿದ್ದೆ?"

ಅಕ್ಕ ಮೊರ ನಿಲ್ಲಿಸಿ ಯೋಚಿಸಿದಳು. ಅವಳಿಗೆ ಮುಖ ನೋಡಿ ಮಾತಾಡುವ ಅಭ್ಯಾಸವಿಲ್ಲ.

"ಕಂಟ್ರಾಕ್ಟರಿಗೆ, ದೊಡ್ಡ ಮಾವ."

"ಹೌದಾ?"

"ಸೋಗಾನೆ ರಸ್ತೆ ಮಾಡಿಸ್ತೀನಿ ಅಂದಿದ್ದಾರಂತೆ. ಗಾಡಿ ಕುಲುಕದ ಹಾಗೆ."

ಗೌಡರು ಕಾಫಿ ಮುಗಿಸಿದರು. "ನ್ಯಾಯವಾಗಿದೆ" ಎಂದರು. ಲೋಟ ಕೆಳಗಿಟ್ಟು ಕೇಳಿದರು, "ಆತ ಪ್ರಶ್ನೆ ಕಳಿಸಿದಾನಾ?"

"ಕಳಿಸಿದ್ದಾರೆ ಮಾವ" ಎಂದೆ ನಾನು.

"ನಿಂಗೆ ಹ್ಯಾಗೆ ಗೊತ್ತು? ಇನ್ನೂ ಕಚೇರಿಗೆ ಬಂದಿರೋಕಿಲ್ಲ."

ನಾನು ಮಗುವನ್ನು ಎತ್ತಿಕೊಂಡೆ. ಅಕ್ಕ ಅಕ್ಕಿ ಕೇರುತ್ತಲೇ ಹೇಳಿದಳು. "ನಾನೇ ಬರ್ಕೊಡು ಅಂದೆ ದೊಡ್ಡ ಮಾವ. ಇಂಗ್ಲಿಷ್ ಬರೋನು ನಮ್ಮಲ್ಲಿ ಇರೋದು ಒಬ್ಬನೇ."

ಗೌಡರು ನನ್ನನ್ನೂ ಅವಳನ್ನೂ ಒಂದು ಸುತ್ತು ನೋಡಿ, ಕಂಬಕ್ಕೆ ಒರಗಿದರು.

"ಹೆರಿಗೆ ಅಂದ್ರೆ ಒಂದು ದಿನ ಆಗಿ ಮುಗಿಯುತ್ತೆ" ಎಂದರು. "ರಸ್ತೆಗೆ ಎಷ್ಟು ವರ್ಷ ಮಲಗಬೇಕೋ, ಪಾಪ, ಆ ಮನುಷ್ಯ."